ದನಿಯಿಲ್ಲದ ರೆಕಾರ್ಡಿಂಗ್

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಕಂಪ್ಯೂಟರಿನಲ್ಲಿ ಟೀವಿ ನೋಡುತ್ತಿದ್ದವನು ನಾನೊಬ್ಬನೇ. ತಾರಸಿಯ ಮೇಲೆ ಡಿಶ್, ಕಂಪ್ಯೂಟರಿನೊಳಗೆ ಡಿಜಿಟಲ್ ಚಾನೆಲ್ ಹಿಡಿಯುವ ಕಾರ್ಡ್. ಎರಡು ಸಾವಿರದ ಆರೋ ಏಳೋ ಇರಬೇಕು. ಚಿಕ್ಕಬಳ್ಳಾಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಆ ಕಾರ್ಡ್ ಬಂದ ಮೇಲೆ ನನ್ನ ನಡಿಗೆಯೇ ಬದಲಾಗಿತ್ತು.

ಎದುರು ಮನೆಯ ಅಕ್ಕ ಬಿಸಿನೀರಿನಲ್ಲಿ ನೆನೆಸಿದ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ಸುತ್ತಮುತ್ತ ಯಾರ ಮನೆಯ ಶುಭಕಾರ್ಯವಾದರೂ ಸೋಬಾನೆ ಹಾಡಲು ಅವರೇ ಬೇಕು. ಒಮ್ಮೆ ಬೆಂಗಳೂರಿನ ಟೀವಿಯವರು ಅವರನ್ನು ಕರೆಸಿ ಹಾಡಿಸಿಕೊಂಡರು. ಆ ಚಾನೆಲ್ ನಮ್ಮೂರಿನ ಕೇಬಲ್ಲಿನಲ್ಲಿ ಬರುತ್ತಿರಲಿಲ್ಲ. ಪ್ರಸಾರ ಬೇರೆ ಮಧ್ಯಾಹ್ನ, ಅವರಿಗೆ ಕೆಲಸ ಬಿಟ್ಟು ಬರುವಂತಿರಲಿಲ್ಲ.

“ನನ್ ಹಾಡು ಹಿಡಿದಿಟ್ಕೊಡ್ತೀಯೇನಪ್ಪ? ದಿಬ್ಬೂರಹಳ್ಳೀಲಿರೋ ನಮ್ಮಮ್ಮಂಗೆ ಕೇಳಿಸ್ಬೇಕು” ಎಂದು ಬಂದು ಕೇಳಿದರು.

“ಅದೇನ್ ಮಹಾ, ಬಿಡಕ್ಕ” ಎಂದೆ.

ರೆಕಾರ್ಡ್ ಮಾಡುವ ಮೊದಲು, ಯಾವ ರೂಪದಲ್ಲಿ ಉಳಿಸಲಿ ಎಂದು ಕಂಪ್ಯೂಟರ್ ಕೇಳುತ್ತಿತ್ತು. ಪ್ರಸಾರದಲ್ಲಿ ಬಂದದ್ದನ್ನೆಲ್ಲ ಹಾಗೇ ಇಡುವ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಒಂದು. ಚಿತ್ರ, ಧ್ವನಿ ಎರಡನ್ನೂ ಒಂದೇ ಫೈಲಿಗೆ ಸೇರಿಸುವ ಪ್ರೋಗ್ರಾಂ ಸ್ಟ್ರೀಮ್ ಇನ್ನೊಂದು. ಚಿತ್ರವನ್ನಷ್ಟೇ ಬೇರ್ಪಡಿಸಿ ಇಡುವುದು ಮತ್ತೊಂದು. ಕಾರ್ಡ್ ಮಾರಿದ ಚಿಂತಾಮಣಿಯ ಅಂಗಡಿಯವರು, “ಸುಮ್ನೆ ಎರಡೂ ಸೇರಿರೋದು ಹಾಕ್ಕೊಳಿ ಸಾರ್, ಡಿವಿಡೀಗೆ ಸಲೀಸಾಗಿ ಹೋಗ್ತದೆ” ಎಂದಿದ್ದರು. ಅಂಗಡಿಯವನಿಗೇನು ಗೊತ್ತು ಎಂದುಕೊಂಡೆ. ಚಿತ್ರ ಬೇರೆಯಾಗಿದ್ದರೆ ಜಾಹೀರಾತು ಕತ್ತರಿಸುವುದು ಸುಲಭವೆಂದು ಇಂಟರ್ನೆಟ್ಟಿನಲ್ಲಿ ಓದಿದ್ದೆ. ಅದನ್ನೇ ಆರಿಸಿ, ಸಮಯ ಹೊಂದಿಸಿ, ಒಮ್ಮೆ ಪರೀಕ್ಷೆ ಕೂಡ ಮಾಡದೆ ಕಚೇರಿಗೆ ಹೋದೆ. ಧ್ವನಿ ಬೇಕೆಂದರೆ ಇನ್ನೊಂದು ಕಡೆ ಗುರುತು ಹಾಕಬೇಕಿತ್ತು. ಹಾಕಿರಲಿಲ್ಲ.

ಸಂಜೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೂತೆವು. ಪರದೆಯಲ್ಲಿ ಹಸಿರು ಸೀರೆಯುಟ್ಟ ಅಕ್ಕ ಬಾಯಿ ತೆರೆದರು. ಸದ್ದಿಲ್ಲ. ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಏನಾಗಿದೆಯೆಂದು ಅಷ್ಟರಲ್ಲೇ ನನಗೆ ಗೊತ್ತಾಗಿಹೋಗಿತ್ತು.

“ಟೀವಿಯವ್ರೇ ಸೌಂಡ್ ಕಳಿಸಿಲ್ಲ ಕಣಕ್ಕ” ಎಂದುಬಿಟ್ಟೆ.

ತಮ್ಮ ಬಾಯಾಡುವುದನ್ನು ಸ್ವಲ್ಪ ಹೊತ್ತು ನೋಡುತ್ತಿದ್ದ ಅವರು ಎದ್ದು ಹೋದರು.

ಕೆಲವು ವಾರಗಳಾದ ಮೇಲೆ ಬೀದಿಯ ಕೊನೆಯ ಮನೆಯಲ್ಲಿ ಸೀಮಂತ. ಹೆಂಗಸರು ಹಾಡಲು ಕರೆದರೆ ಅಕ್ಕ ಮೇಲೇಳಲಿಲ್ಲ.

“ಚೆನ್ನಾಗಿಲ್ಲ ಅಂತ ಟೀವಿಯವ್ರೇ ನನ್ ದನಿ ತೆಗೆದಾಕವ್ರೆ. ನನ್ನ ಬಿಟ್ಬಿಡ್ರಮ್ಮ.”

ಊಟಕ್ಕೆ ಎಲೆ ಹಾಕುತ್ತಾ ನಾನು ಅಲ್ಲೇ ಇದ್ದೆ. ಆಗಲಾದರೂ ಹೇಳಬಹುದಿತ್ತು. ಎಲೆ ಹಾಕುತ್ತಲೇ ಮುಂದೆ ಹೋದೆ. ಸುಳ್ಳು ಹೇಳಿದ್ದಕ್ಕಿಂತಲೂ ಆವತ್ತು ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಹೆಚ್ಚು ಸುಡುತ್ತದೆ.

ಸೀಮಂತವಾದ ಮೂರನೆಯ ದಿನ ಅವರ ಮನೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಬಿಸಿನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳನ್ನು ಅಕ್ಕ ಸೆರಗಿಗೆ ಒರೆಸಿಕೊಂಡರು.

“ಅಂದ್ರೆ, ನನ್ ದನಿ ಟೀವೀಲಿ ಬಂದಿತ್ತಾ?”

“ಬಂದಿತ್ತಕ್ಕ. ನಾನೇ ಹಿಡೀಲಿಲ್ಲ.”

“ಇಷ್ಟು ದಿನ ನನ್ ಗಂಟಲನ್ನೇ ಬೈಕೊಂಡ್ನಲ್ಲಪ್ಪ!” ಅವರ ಕಣ್ಣು ತುಂಬಿತು. “ನನಗೊಬ್ಳಿಗೆ ಹೇಳಿದ್ರೆ ಆಯ್ತಾ? ಆವತ್ತು ಅಲ್ಲಿದ್ದೋರ್ಗೆಲ್ಲ ನೀನೇ ಹೇಳು.”

ಹೇಳಿದೆ. ಬೀದಿಯ ನಲ್ಲಿಗೆ ನೀರು ಬಂದ ಹೊತ್ತಿನಲ್ಲಿ, ಬಿಂದಿಗೆ ಹಿಡಿದು ನಿಂತಿದ್ದ ಅಷ್ಟೂ ಹೆಂಗಸರ ಮುಂದೆ. ಯಾರೋ ನಕ್ಕರು. “ಇಷ್ಟು ಓದ್ಕೊಂಡು ಆ ತಾಯಿಗೆ ಸುಳ್ಳು ಹೇಳಿದ್ಯಲ್ಲೋ” ಎಂದು ಇನ್ನೊಬ್ಬರು ಅಂದರು. ಸಾಲಿನಲ್ಲಿದ್ದ ನನ್ನ ಅಮ್ಮ ನನ್ನ ಕಡೆ ನೋಡಲಿಲ್ಲ.

ಆ ಹಾಡಿನ ಪ್ರತಿ ಕೇಳಿ ಟೀವಿಯವರಿಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ.

ಸೀಮಂತ ನಡೆದ ಮನೆಯಲ್ಲೇ ಮುಂದೆ ಮಗುವಿಗೆ ಹೆಸರಿಟ್ಟರು. ಆವತ್ತು ಅಕ್ಕ ಹಾಡಿದರು, ಒಂದಾದ ಮೇಲೊಂದು. ಒಳಗೆ ಹೋಗಿ ಅವರೆದುರು ಕೂರುವ ಮುಖ ನನಗಿರಲಿಲ್ಲ. ಹೊರಗೆ ಜಗಲಿಯಲ್ಲಿ, ಚಪ್ಪಲಿಗಳ ಪಕ್ಕ ಕೂತು ಕೇಳಿದೆ.