ಕಂಡಕ್ಟ್ರಕ್ಕ ಮತ್ತು ಕಲಮ್ಮ

ಹತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮೇಲೆ ಅವಳು ಪೊಲೀಸ್ ಆಗುತ್ತೇನೆಂದು ಹಟ ಹಿಡಿದಳು. ಅದಕ್ಕೆ ಕಾರಣ ಒಂದು ಏಟು. ಹೆಂಗಸರ ಸೀಟಿನಿಂದ ಏಳಿ ಎಂದಿದ್ದಕ್ಕೆ ಒಬ್ಬ ಪ್ರಯಾಣಿಕ ಅವಳ ಕೆನ್ನೆಗೆ ಬಾರಿಸಿದ್ದ. ದೂರು ಕೊಡಲು ಹೋದರೆ ಠಾಣೆಯ ಬರಹಗಾರ ಮೂರು ತಾಸು ಬೆಂಚಿನ ಮೇಲೆ ಕೂರಿಸಿ, "ನೀನೇ ಏನೋ ಬಾಯಿ ಮಾಡಿರ್ತೀಯ ಬಿಡಮ್ಮ" ಎಂದು ಸಾಗಹಾಕಿದ. ಅವತ್ತು ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು: "ಆ ಮೇಜಿನ ಆಚೆ ಕಡೆ ನಾನು ಕೂರಬೇಕು ರೀ."

ವೆಲ್ಡಿಂಗ್ ಅಂಗಡಿಯ ಗಂಡ ಮಾತು ಕಡಿಮೆಯವನು. ತುತ್ತು ನುಂಗಿ, "ಓಡೋಕಾಗತ್ತಾ?" ಎಂದಷ್ಟೇ ಕೇಳಿದ.

ಆಗುತ್ತಿರಲಿಲ್ಲ. ಆದರೂ ವಯಸ್ಸಿನ ಮಿತಿಗೆ ಐದೇ ತಿಂಗಳು ಉಳಿದಿರುವಾಗ ಹೇಗೋ ಏದುಸಿರು ಬಿಡುತ್ತಾ ಪಾಸಾದಳು. ಆರು ವರ್ಷದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ, ಟ್ರಂಕು ಹೊತ್ತು ಹೊರಟಳು. ಅತ್ತೆ ಬಾಗಿಲಲ್ಲಿ ನಿಂತು, "ಮಗೂನ ನಾನು ನೋಡ್ಕೋತೀನಿ. ಅರ್ಧಕ್ಕೆ ಬಿಟ್ಟು ಬಂದೆಯೋ, ಚಿಲಕ ತೆಗೆಯಲ್ಲ" ಎಂದರು. ತಮಾಷೆಗೋ ನಿಜಕ್ಕೋ, ಆ ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ತರಬೇತಿ ಶಾಲೆಯಲ್ಲಿ ಎಂಬತ್ತು ಮಂಚಗಳ ಒಂದೇ ಉದ್ದನೆಯ ಕೋಣೆ. ಇಬ್ಬಿಬ್ಬರಿಗೆ ಒಂದು ಕಬ್ಬಿಣದ ಬೀರು. ಬೀರು ಹಂಚಿಕೊಂಡವರು ಒಂಬತ್ತು ತಿಂಗಳೂ ಜೋಡಿ. ಒಬ್ಬಳು ತಪ್ಪಿದರೆ ಶಿಕ್ಷೆ ಇಬ್ಬರಿಗೂ. ಬಂದ ಮೊದಲ ವಾರವೇ ಅವಳಿಗೆ ಕಂಡಕ್ಟ್ರಕ್ಕ ಎಂದು ಹೆಸರು ಬಿತ್ತು. ಅವಳ ಪಾಲಿಗೆ ಬಂದ ಜೋಡಿ ಇಪ್ಪತ್ತೆರಡರ ಹುಡುಗಿ. ಕಾನೂನು ಓದಿದವಳು, ಜಿಂಕೆಯ ಹಾಗೆ ಓಡುವವಳು, ಯಾವ ಮಾತೆತ್ತಿದರೂ "ಅದಕ್ಕೊಂದು ಕಲಮಿದೆ ಅಕ್ಕ" ಎನ್ನುವವಳು. ಕಾನೂನಿನ ಕಲಮುಗಳೆಲ್ಲ ಬಾಯಿಪಾಠ. ಹಾಗಾಗಿ ಅವಳು ಕಲಮ್ಮ.

ಕಲಮ್ಮನಿಗೆ ಇಲ್ಲದ್ದು ದನಿ. ದೊಡ್ಡವರೆದುರು ನಿಂತರೆ ಗಂಟಲ ಪಸೆಯೇ ಆರಿಹೋಗುತ್ತಿತ್ತು. ಒಂದು ಬೆಳಗ್ಗೆ ಅವಳಿಗೆ ಕವಾಯತು ನಡೆಸುವ ಸರದಿ ಬಂತು. ತುಕಡಿ ನಡೆಯಿತು, ನಡೆದೇ ನಡೆಯಿತು. ಇವಳು "ನಿಲ್" ಎಂದದ್ದು ಇವಳ ಕಾಲರಿನಾಚೆಗೆ ಹೋಗಲಿಲ್ಲ. ಮುಂದಿನ ಸಾಲಿನವರು ಕಾಂಪೌಂಡ್ ಗೋಡೆಗೆ ಮೂಗು ತಾಗಿಸಿ, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಜೋಡಿಗೆ ಹತ್ತು ಸುತ್ತು ಓಟ ಬಿತ್ತು.

"ನಿನ್ನ ಬಾಯಿಗೆ ಬೀಗ ಜಡಿದವರು ಯಾರೇ?" ಎಂದು ಮೂರನೇ ಸುತ್ತಿನಲ್ಲಿ ಕಂಡಕ್ಟ್ರಕ್ಕ ತೇಕುತ್ತಾ ಬೈದಳು.

"ಓಡುವಾಗ ಮಾತಾಡಬಾರದು ಅಕ್ಕ. ನಿಯಮ ಇದೆ."

ಕಂಡಕ್ಟ್ರಕ್ಕನ ಸರದಿ ಪರೀಕ್ಷೆಯಲ್ಲಿ ಬರುತ್ತಿತ್ತು. 'ಕಳ್ಳತನ ಎಂದರೇನು, ವಿವರಿಸಿ' ಎಂಬ ಐದು ಅಂಕದ ಪ್ರಶ್ನೆಗೆ ಅವಳು 'ಎಲ್ಲರಿಗೂ ಗೊತ್ತಿರುವುದೇ' ಎಂದು ಬರೆದು ಬಂದಿದ್ದಳು. ಸರಿಯುತ್ತರವನ್ನು ಇಬ್ಬರೂ ಐವತ್ತೈವತ್ತು ಸಲ ಬರೆಯಬೇಕಾಯಿತು. ಕಲಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಹೀಗೆ ಎಣ್ಣೆ ಸೀಗೆಕಾಯಿಯಾಗಿದ್ದವರನ್ನು, ನಿರ್ಗಮನ ಪಥಸಂಚಲನಕ್ಕೆ ಮೂರೇ ವಾರ ಉಳಿದಿರುವಾಗ, ಒಂದು ದಿನ ಕೋರ್ಟು ಕೆಲಸಕ್ಕೆ ಕಳಿಸಿದರು. ಜೈಲಿನಿಂದ ಒಬ್ಬ ಹೆಂಗಸನ್ನು ಕರೆದೊಯ್ದು ನ್ಯಾಯಾಧೀಶರೆದುರು ಹಾಜರುಪಡಿಸಿ ವಾಪಸ್ ಬಿಡಬೇಕು. ಜೊತೆಗೆ ಒಬ್ಬ ಹಿರಿಯ ದಫೇದಾರ್ ಮೇಡಂ.

ಕೈದಿ ಸಣಕಲು ಹೆಂಗಸು, ನಲವತ್ತರ ಆಸುಪಾಸು. ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುತ್ತಿದ್ದವಳು. ಒಂದು ಮನೆಯಲ್ಲಿ ಸರ ಕಳೆದುಹೋಗಿ ಆಪಾದನೆ ಇವಳ ಮೇಲೆ ಬಂದಿತ್ತು. ಹದಿನಾಲ್ಕು ತಿಂಗಳಿಂದ ಒಳಗಿದ್ದಳು, ವಿಚಾರಣೆ ಮಾತ್ರ ಶುರುವಾಗಿರಲಿಲ್ಲ. ಅವತ್ತೂ ಸಾಕ್ಷಿ ಬರಲಿಲ್ಲ. ಎರಡೇ ನಿಮಿಷಕ್ಕೆ ಕೇಸು ಮತ್ತೆ ಮುಂದಕ್ಕೆ ಹೋಯಿತು. ಅವಳು ಅಳಲಿಲ್ಲ, ಕೈಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡಳು.

"ಮುಂದಿನ ತಾರೀಖಿನ ಚೀಟಿ ಬರೆಸ್ಕೊಂಡು ಬರ್ತೀನಿ. ಕಣ್ಣು ಮಿಟುಕಿಸದೆ ಕಾಯಬೇಕು, ತಿಳೀತಾ?" ಎಂದು ಮೇಡಂ ಮಹಡಿ ಹತ್ತಿದರು.

ಅವರು ಮರೆಯಾಗಿದ್ದೇ ತಡ, ಕೈದಿ ಮೆಲ್ಲಗೆ ಕೇಳಿದಳು: "ಪಾಯಖಾನೆಗೆ ಹೋಗಬೇಕಿತ್ತು ತಾಯಿ."

ಕಟ್ಟಡದ ಹಿಂಬದಿಯಲ್ಲಿ ಹೆಂಗಸರ ಪಾಯಖಾನೆ. ಬಾಗಿಲ ಬಳಿ ಕಲಮ್ಮ ಅಡ್ಡ ಕಾಲಿಟ್ಟಳು. "ಬಾಗಿಲು ಪೂರ್ತಿ ಹಾಕೋ ಹಾಗಿಲ್ಲ ಅಕ್ಕ. ಒಂದು ಗೇಣು ತೆರೆದಿರಬೇಕು, ಒಬ್ಬರು ನೋಡ್ತಾ ಇರಬೇಕು."

"ಹೆಣ್ಣು ಕಣೇ ಅವಳೂ! ಹದಿನಾಲ್ಕು ತಿಂಗಳಿಂದ ಮಂದಿ ಎದುರಿಗೇ ಕೂತೆದ್ದಿದ್ದಾಳೆ. ಒಂದ್ಸಲ ಬಾಗಿಲು ಹಾಕ್ಕೊಳ್ಳಲಿ ಬಿಡು."

ಕಲಮ್ಮ ಕಾಲು ತೆಗೆದಳು. ಒಳಗಿನಿಂದ ಚಿಲಕ ಬಿತ್ತು, ನಲ್ಲಿ ಬಿಟ್ಟ ಸದ್ದು ಕೇಳಿತು. ಒಂದು ನಿಮಿಷ, ಎರಡು, ಮೂರು. ನೀರು ಒಂದೇ ಸಮನೆ ಸುರಿಯುತ್ತಿತ್ತು.

"ಅಮ್ಮಾ, ಆಯ್ತಾ?" ಕಂಡಕ್ಟ್ರಕ್ಕ ಬಾಗಿಲು ಬಡಿದಳು. ಉತ್ತರವಿಲ್ಲ. ಭುಜ ಕೊಟ್ಟು ಎರಡು ಸಲ ಗುದ್ದಿದಾಗ ಚಿಲಕ ಕಿತ್ತು ಬಂತು. ಒಳಗೆ ಯಾರೂ ಇರಲಿಲ್ಲ. ಮೇಲಿನ ಕಿಟಕಿಯ ಗಾಜಿನ ಪಟ್ಟಿಗಳು ನೆಲದ ಮೇಲೆ ಒಂದರ ಮೇಲೊಂದು ಒಪ್ಪವಾಗಿ ಕೂತಿದ್ದವು. ಒಂದೂ ಒಡೆದಿರಲಿಲ್ಲ.

"ಮೇಡಂಗೆ ಹೇಳಬೇಕು. ಈಗಲೇ ಹೇಳಬೇಕು" ಎಂದು ಕಲಮ್ಮ ಬಿಳಿಚಿಕೊಂಡು ತಿರುಗಿದಳು.

ಕಂಡಕ್ಟ್ರಕ್ಕ ಅವಳ ರಟ್ಟೆ ಹಿಡಿದಳು. "ನೀನು ಮಹಡಿ ಹತ್ತಿ ಇಳಿಯೋಷ್ಟರಲ್ಲಿ ಅವಳು ಊರು ದಾಟಿರ್ತಾಳೆ. ಗೋಡೆ ಆಚೆ ಏನಿದೆ ಗೊತ್ತಾ? ಬಸ್ ಸ್ಟ್ಯಾಂಡು! ಓಡು!"

ಸುತ್ತು ಹಾಕಿ ಓಡಿದರು. ಕಲಮ್ಮ ಮುಂದೆ, ಎದೆ ಹಿಡಿದುಕೊಂಡು ಕಂಡಕ್ಟ್ರಕ್ಕ ಹಿಂದೆ. ಸ್ಟ್ಯಾಂಡಿನಲ್ಲಿ ಹನ್ನೊಂದು ಬಸ್ಸುಗಳು ಸಾಲಾಗಿ ನಿಂತಿದ್ದವು. ಮಂದಿ ಗಿಜಿಗುಡುತ್ತಿತ್ತು. ಕಲಮ್ಮ ಮೊದಲನೆಯ ಬಸ್ಸು ಹತ್ತಿ ಸೀಟು ಸೀಟು ನೋಡತೊಡಗಿದಳು.

ಕಂಡಕ್ಟ್ರಕ್ಕ ಹತ್ತಲಿಲ್ಲ. ಮಧ್ಯದಲ್ಲಿ ನಿಂತು ಉಸಿರು ಹಿಡಿದು ಕಿಟಕಿಗಳನ್ನು ನೋಡಿದಳು. ಟಿಕೆಟ್ ಇಲ್ಲದವರನ್ನು ಹತ್ತು ವರ್ಷ ಹುಡುಕಿದ ಕಣ್ಣು ಅವಳದು. ಅಂಥವರು ಮೂಲೆಯಲ್ಲಿ ಅಡಗುವುದಿಲ್ಲ, ಯಾರ ಪಕ್ಕದಲ್ಲೋ ಅವರ ಮನೆಯವರ ಹಾಗೆ ಕೂತಿರುತ್ತಾರೆ. ಏಳನೇ ಬಸ್ಸಿನ ಎಂಜಿನ್ ಆಗಲೇ ಗುರುಗುಡುತ್ತಿತ್ತು. ನಾಲ್ಕನೇ ಕಿಟಕಿಯಲ್ಲಿ ತಲೆಗೆ ಸೆರಗು ಹೊದ್ದ ಹೆಂಗಸಿನ ತೊಡೆಯ ಮೇಲೆ ಒಂದು ಕೂಸು. ಪಕ್ಕದಲ್ಲಿ ಇನ್ನೊಬ್ಬಳು ಚೀಲದೊಳಗೆ ಕೈಯಾಡಿಸುತ್ತಿದ್ದಳು. ಕೂಸು ಮಾತ್ರ ಎತ್ತಿಕೊಂಡವಳ ಕಡೆ ನೋಡದೆ, ಚೀಲದವಳ ಕಡೆಗೇ ಕತ್ತು ಚಾಚಿ ಕೈ ಬೀಸುತ್ತಿತ್ತು.

"ಕಲಮ್ಮಾ! ಏಳನೇದು! ಬಸ್ಸು ಬಿಡಬೇಡ!" ಎಂದು ಕಿರುಚಿ ಅವಳು ಹಿಂಬಾಗಿಲಿಗೆ ನೆಗೆದಳು.

ಬಸ್ಸು ಹೊರಟೇಬಿಟ್ಟಿತ್ತು. ಕಲಮ್ಮ ಓಡಿಬಂದು ಅದರ ಮೂತಿಗೇ ಅಡ್ಡ ನಿಂತಳು. ಡ್ರೈವರ್ ಹಾರ್ನ್ ಒತ್ತಿದ, ತಲೆ ಹೊರಗೆ ಹಾಕಿ ಬಾಯಿಗೆ ಬಂದದ್ದೆಲ್ಲ ಬೈದ. ಅವಳ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅಂಗೈ ಎತ್ತಿ ಹಿಡಿದು ನಿಂತವಳು, ಬಂಪರು ಮೊಣಕಾಲಿಗೆ ತಾಗಿದರೂ ಕದಲಲಿಲ್ಲ. ಬಸ್ಸೇ ನಿಂತಿತು.

ಒಳಗೆ ಕಂಡಕ್ಟ್ರಕ್ಕ ನಾಲ್ಕನೇ ಸೀಟು ತಲುಪಿದ್ದಳು. ಕೈದಿ ಅವಳನ್ನು ಕಂಡದ್ದೇ ಕೂಸನ್ನು ಎದೆಗವಚಿಕೊಂಡಳು. ಚೀಲದವಳು, "ಯಾಕಕ್ಕಾ, ಹಾಗ್ಯಾಕೆ ಹಿಡ್ಕೊಂಡೆ? ಕೊಡು ಇಲ್ಲಿ" ಎಂದು ಕೈಚಾಚಿದಳು. ಕೈದಿ ಕೊಡಲಿಲ್ಲ.

"ಬಸ್ಸು ಬಿಡೋಕೆ ಹೇಳು" ಎಂದಳು ಕಂಡಕ್ಟ್ರಕ್ಕನಿಗೆ. "ಇಲ್ಲಾಂದ್ರೆ..."

ಚೀಲ ಜಾರಿ ಬಿದ್ದದ್ದೂ ಕೂಸಿನ ತಾಯಿಗೆ ತಿಳಿಯಲಿಲ್ಲ. ಕಂಡಕ್ಟ್ರಕ್ಕನಿಗೂ ದಿಕ್ಕು ತೋಚಲಿಲ್ಲ. ಕೈ ಹಾಕಿ ಕಿತ್ತುಕೊಂಡರೆ ಕೂಸಿಗೆ ಏನಾದೀತೋ, ಸುಮ್ಮನಿದ್ದರೆ ಏನಾದೀತೋ. ಕಲಿಸಿಕೊಟ್ಟ ಪಾಠಗಳಲ್ಲಿ ಒಂದೂ ನೆನಪಾಗಲಿಲ್ಲ. ಆಗ ಅವಳ ಕಣ್ಣು ಕೈದಿಯ ಎಡಗೈ ಮೇಲೆ ಬಿತ್ತು. ಆ ಅಂಗೈ ಕೂಸಿನ ಕತ್ತಿನ ಹಿಂದೆ, ತಲೆ ಅಲುಗದಂತೆ ಹದವಾಗಿ ಆತುಕೊಂಡಿತ್ತು.

ಕಂಡಕ್ಟ್ರಕ್ಕ ಸೀಟುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತಳು.

"ಇಲ್ಲಾಂದ್ರೆ ಏನೂ ಇಲ್ಲ. ನೀನು ಮಗೂಗೆ ಏನೂ ಮಾಡೋಳಲ್ಲ. ಕತ್ತು ಹೆಂಗೆ ಹಿಡಿದಿದ್ದೀಯ ನೋಡ್ಕೋ."

ಕೈದಿ ತನ್ನ ಕೈಯನ್ನೇ ನೋಡಿದಳು. ಡ್ರೈವರ್ ಇನ್ನೊಮ್ಮೆ ಹಾರ್ನ್ ಹೊಡೆದ. ಕೂಸು ಬೆಚ್ಚಿ ಅಳತೊಡಗಿತು. ಅವಳು ತುಟಿ ಕಚ್ಚಿಕೊಂಡು, ಅದರ ಜಾರಿದ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು, ತಾಯಿಯ ಕೈಗೆ ಕೊಟ್ಟಳು. "ಅಕ್ಕನ ಮನೆಗೆ ಹೋಗೋಣಾಂತಿದ್ದೆ. ಅಷ್ಟೇ" ಎಂದು ಯಾರಿಗೋ ಹೇಳಿದಂತೆ ಹೇಳಿ ಎದ್ದಳು.

ಕೋರ್ಟಿನ ಹಿಂಬದಿಗೆ ಮರಳಿದಾಗ ಒಟ್ಟು ಇಪ್ಪತ್ತೆರಡು ನಿಮಿಷ ಕಳೆದಿತ್ತು. ಮೇಡಂ ಆಗಷ್ಟೇ ಚೀಟಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

"ಏನ್ರೇ, ಹಿಂಗೆ ಬೆವರ್ತಾ ಇದ್ದೀರಿ?"

"ಬಿಸಿಲು ಮೇಡಂ" ಎಂದಳು ಕಂಡಕ್ಟ್ರಕ್ಕ. ಕಲಮ್ಮ ನೆಲ ನೋಡಿದಳು.

ಕೈದಿಯನ್ನು ಜೈಲಿಗೆ ಬಿಟ್ಟು, ತರಬೇತಿ ಶಾಲೆಗೆ ಬಂದು, ಇಬ್ಬರೂ ಅಂಗಳದ ನಲ್ಲಿಯಲ್ಲಿ ಮುಖ ತೊಳೆದರು. ನಲ್ಲಿ ತಿರುಗಿಸಿ ಕಲಮ್ಮ ಹೇಳಿದಳು: "ನಾನು ವರದೀಲಿ ಬರೀತೀನಿ ಅಕ್ಕ."

"ಏನಂತ?"

"ಆಗಿದ್ದನ್ನ."

"ತಲೆ ಕೆಟ್ಟಿದೆಯಾ ನಿಂಗೆ? ಕೈದಿ ಸಿಕ್ಕಳು, ಒಳಗೆ ಹೋದಳು. ಯಾರಿಗೆ ಏನು ನಷ್ಟ? ನೀನು ಬರೆದರೆ ನನ್ನನ್ನ ಮನೆಗೆ ಕಳಿಸ್ತಾರೆ. ಮೂರು ವಾರ ಕಣೇ ಉಳಿದಿರೋದು! ನನ್ನ ಮಗಳು ದಿನಾ ಎಣಿಸ್ತಾ ಇದ್ದಾಳೆ." ಅವಳ ದನಿ ಏರಿತು. "ಹೋಗಲಿ, ನನ್ನದು ಬಿಡು. ಅವಳ ತಲೆ ಮೇಲೆ ಇನ್ನೊಂದು ಕೇಸು ಬೀಳತ್ತೆ. ಮಾಡಿದಳೋ ಇಲ್ಲವೋ ಗೊತ್ತಿಲ್ಲದ ತಪ್ಪಿಗೆ ಹದಿನಾಲ್ಕು ತಿಂಗಳು ಕೊಳೀತಿದ್ದಾಳೆ. ಅದಕ್ಕೆ ಯಾವ ಕಲಮಿದೆ ಹೇಳು ನೋಡೋಣ!"

ಕಲಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತು. "ನಾಳೆ ಆ ಮಗುವಿನ ತಾಯಿ ಠಾಣೆಗೆ ಹೋದ್ರೆ? ಅವಳನ್ನೂ ಬೆಂಚಿನ ಮೇಲೆ ಕೂರಿಸಿ, ಅಂಥದ್ದೇನೂ ಆಗಿಲ್ಲ ಹೋಗಮ್ಮ ಅಂತ ಕಳಿಸ್ತಾರಲ್ಲ ಅಕ್ಕ?"

ಕಂಡಕ್ಟ್ರಕ್ಕ ಬಕೆಟ್ ಒದ್ದು ಒಳಗೆ ಹೋದಳು.

ಸಂಜೆ ಪ್ರಾಂಶುಪಾಲರ ಕೋಣೆಯಲ್ಲಿ ಹೊರಗೆಲಸಕ್ಕೆ ಹೋಗಿಬಂದವರೆಲ್ಲ ಬರೆದ ವರದಿಯನ್ನು ಬಾಯಲ್ಲೂ ಒಪ್ಪಿಸಬೇಕು. ಪ್ರಾಂಶುಪಾಲರು ನರೆತ ಕೂದಲಿನ ಹೆಂಗಸು, ದನಿಯೆತ್ತದೆಯೇ ನಡುಗಿಸುವವರು. ದಫೇದಾರ್ ಮೇಡಂ ಪಕ್ಕದಲ್ಲಿ ನಿಂತಿದ್ದರು.

"ಏನಾದರೂ ವಿಶೇಷ?"

ಕಲಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ತುಟಿ ಅಲುಗಿತು, ಕುತ್ತಿಗೆಯ ನರ ಉಬ್ಬಿತು, ವರದಿಯ ಹಾಳೆ ಮುಷ್ಟಿಯಲ್ಲಿ ಮುದುಡಿತು.

"ಏನೂ ಇಲ್ಲ ಅಂದ್ರೆ ಹೊರಡಿ" ಎಂದು ಪ್ರಾಂಶುಪಾಲರು ಪೆನ್ನು ಎತ್ತಿಕೊಂಡರು.

ಹೊರಟುಬಿಡಬಹುದಿತ್ತು. ಕಲಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಕಂಡಕ್ಟ್ರಕ್ಕನ ಕಾಲು ಬಾಗಿಲ ಕಡೆಗೆ ತಿರುಗಿಯೂ ಇತ್ತು. ಆದರೆ ಪಕ್ಕದಲ್ಲಿ ಆ ಹುಡುಗಿ ಗಾಳಿಗೆ ಬಾಯಿ ಬಿಡುವ ಮೀನಿನ ಹಾಗೆ ಒದ್ದಾಡುತ್ತಿರುವುದನ್ನು ಅವಳಿಂದ ನೋಡಲಾಗಲಿಲ್ಲ.

"ಕೈದಿ ತಪ್ಪಿಸ್ಕೊಂಡಿದ್ದಳು ಮೇಡಂ" ಎಂದಳು, ಬಸ್ಸಿನ ಕೊನೆಯ ಸೀಟಿಗೂ ಕೇಳುವ ಗಂಟಲಿನಲ್ಲಿ. "ಬಾಗಿಲು ಹಾಕ್ಕೊಳ್ಳೋಕೆ ಬಿಟ್ಟವಳು ನಾನು. ಇವಳು ಬೇಡ ಅಂದಿದ್ದಳು. ದಫೇದಾರ್ ಮೇಡಂಗೆ ಸುಳ್ಳು ಹೇಳಿದವಳೂ ನಾನೇ."

ದಫೇದಾರ್ ಮೇಡಂ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಗ ಪಕ್ಕದಿಂದ ಸಣ್ಣದಾಗಿ, ಆದರೆ ಸ್ಪಷ್ಟವಾಗಿ ಕೇಳಿತು: "ಕಾಲು ತೆಗೆದವಳು ನಾನು ಮೇಡಂ. ತಪ್ಪು ಇಬ್ಬರದೂ. ಆಮೇಲೆ... ಮಗೂನ ಅವಳೇ ವಾಪಸ್ ಕೊಟ್ಟಳು. ಅದನ್ನೂ ಬರೆದಿದ್ದೀನಿ."

ಮನೆಗೆ ಕಳಿಸಲಿಲ್ಲ. ಆದರೆ ಇಬ್ಬರನ್ನೂ ಆ ತಂಡದಿಂದ ಕೈಬಿಟ್ಟು, ಮುಂದಿನ ತಂಡದ ಜೊತೆ ಇನ್ನೂ ನಾಲ್ಕು ತಿಂಗಳು ಉಳಿಸಿಕೊಂಡರು. ದಫೇದಾರ್ ಮೇಡಂಗೂ ಎಚ್ಚರಿಕೆಯ ಕಾಗದ ಬಂತು. ಆಮೇಲೆ ಎದುರಾದಾಗಲೆಲ್ಲ ಅವರು ಮುಖ ತಿರುಗಿಸುತ್ತಿದ್ದರು. ಮೂರು ವಾರಕ್ಕೆ ಉಳಿದವರೆಲ್ಲ ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕಿ ಹೊರಟುಹೋದರು. ಎಂಬತ್ತು ಮಂಚಗಳ ಕೋಣೆಯಲ್ಲಿ ಹತ್ತು ದಿನ ಇವರಿಬ್ಬರೇ ಇದ್ದರು. ಮಗಳು ಫೋನಿನಲ್ಲಿ, "ಸುಳ್ಳಿ ನೀನು, ಈ ತಿಂಗಳು ಬರ್ತೀನಿ ಅಂದಿದ್ದೆ" ಎಂದು ಫೋನನ್ನು ಅಜ್ಜಿಗೆ ಕೊಟ್ಟು ಓಡಿದಳು. ಅತ್ತೆ, "ಅರ್ಧಕ್ಕಂತೂ ಬಿಟ್ಟು ಬರಲಿಲ್ಲವಲ್ಲ. ಮುಗಿಸ್ಕೊಂಡೇ ಬಾ" ಎಂದರು.

ಆ ನಾಲ್ಕು ತಿಂಗಳಲ್ಲಿ ಕಲಮ್ಮ ದಿನಾ ಬೆಳಗ್ಗೆ ಖಾಲಿ ಮೈದಾನದ ಈ ತುದಿಯಲ್ಲಿ ನಿಂತು "ನಿಲ್" ಎಂದು ಕೂಗುವುದು, ಆ ತುದಿಯಲ್ಲಿ ಕಂಡಕ್ಟ್ರಕ್ಕ "ಕೇಳಿಸ್ಲಿಲ್ಲ!" ಎನ್ನುವುದು ನಡೆದೇ ಇತ್ತು. ಕಂಡಕ್ಟ್ರಕ್ಕ ಪರೀಕ್ಷೆಯಲ್ಲಿ ಕಳ್ಳತನಕ್ಕೆ ಐದಕ್ಕೆ ನಾಲ್ಕು ಅಂಕ ತೆಗೆದಳು.

ಕೈದಿಯ ಮೇಲೆ ತಪ್ಪಿಸಿಕೊಂಡ ಕೇಸು ಬಿದ್ದೇ ಬಿತ್ತು. ಇವರಿಬ್ಬರೂ ಕಟಕಟೆ ಹತ್ತಿ ಸಾಕ್ಷಿ ಹೇಳಿದರು, ಟೋಪಿ ಎಳೆದು ಕೂಸನ್ನು ಕೊಟ್ಟದ್ದನ್ನೂ ಬಿಡದೆ ಹೇಳಿದರು. ಮೂರು ತಿಂಗಳ ಶಿಕ್ಷೆಯಾಯಿತು. ಅಷ್ಟರಲ್ಲಿ ಸರದ ಕೇಸಿನಲ್ಲಿ ಸಾಕ್ಷಿಗಳು ಕೊನೆಗೂ ಬರದೆ ಅದು ಬಿದ್ದುಹೋಯಿತು. ತಪ್ಪಿಸಿಕೊಳ್ಳದೆ ಇದ್ದಿದ್ದರೆ ಅವಳು ಅವತ್ತೇ ಹೊರಗೆ ಬರುತ್ತಿದ್ದಳು. ಆ ಲೆಕ್ಕ ಕಂಡಕ್ಟ್ರಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಈಗ ಅವಳು ಒಂದು ಠಾಣೆಯಲ್ಲಿ ದೂರು ಬರೆದುಕೊಳ್ಳುವ ಮೇಜಿನಲ್ಲಿದ್ದಾಳೆ. ಕಲಮ್ಮ ಬೇರೆ ಊರಿನಲ್ಲಿ. ಭಾನುವಾರ ಫೋನ್ ಬರುತ್ತದೆ. ಮಗಳ ಓದು, ಗಂಡನ ಅಂಗಡಿ, ಕಲಮ್ಮನಿಗೆ ಬಂದ ಸಂಬಂಧ, ಎಲ್ಲ ಆಗುತ್ತದೆ. ಒಮ್ಮೊಮ್ಮೆ ಮಾತು ಅವತ್ತಿನ ವರದಿಗೆ ಹೊರಳುತ್ತದೆ.

"ಬರೆಯಬಾರದಿತ್ತು ಕಣೇ" ಎನ್ನುತ್ತಾಳೆ ಇವಳು.

"ಬರೆದಿದ್ದೇ ಸರಿ ಅಕ್ಕ" ಎನ್ನುತ್ತಾಳೆ ಅವಳು. ಈಗ ಅವಳ ದನಿ ಎಷ್ಟು ಜೋರಾಗಿದೆಯೆಂದರೆ, ಒಳಕೋಣೆಯಲ್ಲಿರುವ ಅತ್ತೆ ಯಾರು ಬಂದರೆಂದು ಎದ್ದು ನೋಡುತ್ತಾರೆ.