ಓಡದ ನೀರು, ಬಿಡುವ ಬಣ್ಣ

ಬಟ್ಟೆ ಒಗೆಯುವ ಯಂತ್ರಗಳ ಕಂಪನಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಕೈಪಿಡಿ ಅಕ್ಕ ಎಂದು. ಯಂತ್ರದ ಜೊತೆ ಬರುವ ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುವುದು ಆಕೆಯ ಕೆಲಸ. ವರ್ಷಗಟ್ಟಲೆ ಅದಕ್ಕೆ ಯಾರ ತಕರಾರೂ ಇರಲಿಲ್ಲ. ಹೊಸ ಮ್ಯಾನೇಜರ್ ಬಂದವನೇ ಒಂದು ನಿಯಮ ತಂದ: ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ. ಹಾಗಾದರೆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಬಹುದು, ಅಕ್ಕ ಬೇಕಾಗುವುದಿಲ್ಲ. ಇದನ್ನು ಆತ ಮುಚ್ಚುಮರೆಯಿಲ್ಲದೆ ಹೇಳಿದ.

ನಿಯಮಕ್ಕೆ ಮೊದಲು ಸಿಕ್ಕಿದ್ದು ‘ರನ್’. ಅದಕ್ಕೆ ‘ಓಡು’ ಎಂದು ನಿಗದಿಯಾಯಿತು. ಅಕ್ಕ ದನಿ ಏರಿಸಲಿಲ್ಲ. ನಲ್ಲಿಯಲ್ಲಿ ನೀರು ಓಡುವುದಿಲ್ಲ, ಬರುತ್ತದೆ ಎಂದಳು. ಇಂಗ್ಲಿಷಿನಲ್ಲಿ ಎಲ್ಲಕ್ಕೂ ರನ್ನೇ, ಕನ್ನಡದಲ್ಲಿ ಕೆಂಪಂಗಿ ಬಣ್ಣ ಬಿಡುತ್ತದೆ, ಸೋಪಿನ ಪುಡಿ ಮುಗಿಯುತ್ತದೆ, ಮೂಗು ಸೋರುತ್ತದೆ, ಅಂಗಡಿ ನಡೆಯುತ್ತದೆ.

“ಚುನಾವಣೆಗೂ ಇಂಗ್ಲಿಷಿನೋರು ಓಡ್ತಾರೆ ಸಾರ್. ನಮ್ಮೋರು ನಿಲ್ತಾರೆ.”

ಮ್ಯಾನೇಜರ್ ನಕ್ಕ, ಆದರೆ ಪಟ್ಟು ಸಡಿಲಿಸಲಿಲ್ಲ. ಹಾಗಿದ್ದರೆ ಕಂಪ್ಯೂಟರಿನ ಅನುವಾದ, ನನ್ನ ಅನುವಾದ ಎರಡನ್ನೂ ಯಂತ್ರದ ಮುಂದಿಟ್ಟು ನೋಡೋಣ ಎಂದಳು ಅಕ್ಕ.

ಆಕೆಯದು ಒಂದು ಪದ್ಧತಿ. ಅಚ್ಚಿಗೆ ಹೋಗುವ ಮೊದಲು, ಆ ಮಾದರಿಯ ಯಂತ್ರವನ್ನು ಕಂಡೇ ಇರದವರು ಪುಟ ಓದಿಕೊಂಡು ಅದರಂತೆ ಮಾಡಬೇಕು, ಬರೆದವಳು ಪಿಟಕ್ಕೆನ್ನಬಾರದು. ಇದಕ್ಕೆ ಸದಾ ಬರುತ್ತಿದ್ದವಳು ನಾದಿನಿ. ಅತ್ತಿಗೆಯ ತಪ್ಪು ಹುಡುಕುವ ಕೆಲಸಕ್ಕೆ ಅವಳು ಯಾವತ್ತೂ ಬೇಸರಪಟ್ಟವಳಲ್ಲ.

ಮೊದಲು ಕಂಪ್ಯೂಟರಿನ ಪುಟ. ‘ಜರಡಿಯ ಮೇಲೆ ನೀರನ್ನು ಓಡಿಸಿ’ ಎಂಬಲ್ಲಿ ನಾದಿನಿ ತಲೆ ಎತ್ತಿದಳು. “ಎಲ್ಲಿವರೆಗೆ ಓಡಿಸ್ಲಿ?” ‘ಬಣ್ಣ ಓಡುವ ಬಟ್ಟೆಯನ್ನು ಬೇರೆ ಒಗೆಯಿರಿ’ ಎಂದಿದ್ದದ್ದು ಯಾವ ಬಟ್ಟೆಯನ್ನೆಂದು ಹೊಳೆಯದೆ, ಕೆಂಪಂಗಿಯನ್ನು ಬಿಳಿಯ ಜೊತೆಗೇ ತುರುಕಿದಳು.

ಆಮೇಲೆ ಅಕ್ಕನ ಪುಟ. ಕೆಲಸ ಸರಾಗವಾಗಿ ಸಾಗಿ, ‘ಮೊದಲ ಬಾರಿ ಯಂತ್ರವನ್ನು ಖಾಲಿಯಾಗಿ ನಡೆಸಿ’ ಎಂಬಲ್ಲಿಗೆ ಬಂತು. ನಾದಿನಿ ಬಟ್ಟೆ ತೆಗೆದಳು, ನಲ್ಲಿಯನ್ನೂ ಮುಚ್ಚಿದಳು. ಯಂತ್ರ ಕಿರ್ರೆಂದು ಕೂಗಿ ನಿಂತಿತು. ಮ್ಯಾನೇಜರ್ ಅಕ್ಕನತ್ತ ನೋಡಿದ. ಅಕ್ಕ ತುಟಿ ಬಿಗಿಹಿಡಿದಿದ್ದಳು.

“ಖಾಲಿ ಅಂದ್ಮೇಲೆ ನೀರೂ ಇರಬಾರದು ತಾನೆ ಅತ್ತಿಗೆ?”

ಪುಟ ಮುಗಿಯುವವರೆಗೆ ಕಾದು ಅಕ್ಕ ಪೆನ್ನು ಎತ್ತಿಕೊಂಡಳು. ‘ಖಾಲಿಯಾಗಿ’ ಎಂಬುದನ್ನು ಹೊಡೆದುಹಾಕಿ, ‘ಬಟ್ಟೆ ಹಾಕದೆ, ನಲ್ಲಿ ತೆರೆದಿಟ್ಟು’ ಎಂದು ಬರೆದಳು.

“ತಪ್ಪು ನಂದೇ. ರನ್ ಹಿಂದೆ ಬಿದ್ದು ಪಕ್ಕದ ಪದ ನೋಡ್ಲೇ ಇಲ್ಲ.”

ಅದೇ ಪುಟವನ್ನು ಎರಡು ಸಲ ಓದಿದ್ದ ಮ್ಯಾನೇಜರಿಗೂ ಅದು ಕಂಡಿರಲಿಲ್ಲ. ಪ್ರತಿ ಕೈಪಿಡಿಗೂ ಹೀಗೆ ಮಾಡುತ್ತೀರಾ ಎಂದು ಕೇಳಿದ. ಹೌದೆಂದಳು.

“ಪ್ರತಿ ಸಲನೂ ಹೀಗೇ ಸಿಕ್ಕಿಬೀಳ್ತಾಳೆ,” ಎಂದಳು ನಾದಿನಿ, ಒದ್ದೆ ಕೈ ಒರೆಸಿಕೊಳ್ಳುತ್ತ.

ನಿಯಮದ ಮಾತು ಮತ್ತೆ ಬರಲಿಲ್ಲ. ಮಧ್ಯಾಹ್ನ ಮ್ಯಾನೇಜರ್ ಬಟ್ಟೆ ಒಣಗಿಸುವ ಹೊಸ ಯಂತ್ರವನ್ನೂ ಅದರ ಕೈಪಿಡಿಯನ್ನೂ ಅಕ್ಕನ ಬಳಿಗೆ ಕಳಿಸಿದ. ಮೊದಲ ಸಾಲಿನಲ್ಲೇ ಎರಡು ರನ್. ಆಕೆ ಯಂತ್ರದ ಬಾಗಿಲು ತೆಗೆದು, ಡ್ರಮ್ಮನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಕುರ್ಚಿ ಎಳೆದುಕೊಂಡು ಕೂತಳು.