ಒಡ್ಡು ಹಿಡಿದು ಬಂದವನು

ವಿವೇಕಾನಂದ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದಿನದು ಕೇಳಿ ನಿಮಗೆ ಸಿಟ್ಟು ಬಂದೀತು. ಕಲಬುರಗಿಯ ನೆಹರು ಗಂಜ್ ಪೇಟೆಯಲ್ಲಿ ಒಂದು ಬೇಳೆ ಮಿಲ್ಲಿಗೆ ಅವನು ಸೂಪರ್‌ವೈಸರ್. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಮೇಲೂ ದನಿ ಏರಿಸಿದವನಲ್ಲ. ಅವನಿಗಿದ್ದದ್ದು ಒಂದೇ ಚಟ, ಬರದೇ 'ಬಂದೆ' ಅನ್ನುವುದು. ಗಂಜಿನಲ್ಲಿ ಲಾರಿಗೆ ಚೀಲ ಹೇರಿಸುತ್ತ ನಿಂತುಕೊಂಡೇ ಫೋನೆತ್ತಿ, "ಹೊಂಟೀನಿ, ದಾರ್ಯಾಗ ಅದೀನಿ" ಅನ್ನುತ್ತಿದ್ದ. ಹೆಂಡತಿ ಅಂಜನಾಳಿಗೆ ಅನುಮಾನ ಬಂದರೆ ಹಮಾಲರಲ್ಲಿ ಒಬ್ಬನ ಫೋನಿನಿಂದ, "ಸಾಹೇಬ್ರು ಆಗಲೇ ಹೋದ್ರು ನೋಡ್ರಿ ಅಕ್ಕೋರ" ಎಂದು ಹೇಳಿಸುತ್ತಿದ್ದ. ಮಗಳ ಹುಟ್ಟುಹಬ್ಬ, ಶಾಲೆಯ ಗ್ಯಾದರಿಂಗು, ದವಾಖಾನೆ, ಎಲ್ಲದಕ್ಕೂ ಅವನು ದಾರಿಯಲ್ಲೇ ಇದ್ದ. ಎಷ್ಟೋ ಸಲ ಅರ್ಧ ದಾರಿಗೆ ಬಂದು, ಮಾಲಕರ ಫೋನು ಬಂತೆಂದು ಹೊಳ್ಳಿ ಹೋದದ್ದೂ ಉಂಟು.

ಅಂಜನಾ ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು, ಒಂದಿಷ್ಟು ಬೈಸಿಕೊಂಡು ಸುಮ್ಮನಾಗುತ್ತಿದ್ದ. ಅವಳು ಮಗಳು ಸೃಷ್ಟಿಯನ್ನು ಕರೆದುಕೊಂಡು ಹುಮನಾಬಾದಿನ ತವರಿಗೆ ಹೋದಳು, ಅಷ್ಟೇ. ಇವನು ದೊಡ್ಡ ಮನೆ ಬಿಟ್ಟು ಕುಸನೂರಿನಲ್ಲಿ ಒಂದು ಕೋಣೆ ಹಿಡಿದ. ಸಂಜೆ ಮಿಲ್ಲು ಮುಚ್ಚಿದ ಮೇಲೆ ಆ ಕೋಣೆಯಲ್ಲಿ ಮಾಡುವುದಾದರೂ ಏನು? ಒಬ್ಬನಿಗೆ ಎಷ್ಟು ಅನ್ನ ಬೇಯಿಸಬೇಕೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ, ದಿನಾ ಉಳಿಯುತ್ತಿತ್ತು. ಗೋಡೆ ನೋಡಿ ನೋಡಿ ಬೇಸತ್ತು, ಊರು ಬಿಡುತ್ತಿದ್ದ ಒಬ್ಬ ವಿದ್ಯಾರ್ಥಿಯಿಂದ ದಪ್ಪ ಚಕ್ರದ ಗೇರ್ ಸೈಕಲ್ ಕೊಂಡ. ಬೆಳಿಗ್ಗೆ ವಿಶ್ವವಿದ್ಯಾಲಯದ ಹಿಂದಿನ ಕಚ್ಚಾ ದಾರಿಯಲ್ಲಿ ಒಬ್ಬನೇ ತುಳಿಯುತ್ತಿದ್ದ. ಸೈಕಲ್ ಕ್ಲಬ್ಬಿನ ಹುಡುಗರು ಗುಂಪಾಗಿ ನಗುತ್ತ ಅವನನ್ನು ದಾಟಿ ಹೋಗುತ್ತಿದ್ದರು. ಅವರಿಗೆ ಕೈ ಎತ್ತಿದರೆ ಅವರೂ ಎತ್ತುತ್ತಿದ್ದರು, ಅದಕ್ಕಿಂತ ಹೆಚ್ಚಿನ ಸ್ನೇಹ ಬೆಳೆಯಲಿಲ್ಲ.

ಆ ವರ್ಷ ಕ್ಲಬ್ಬಿನ ಅಬ್ರಾರ್ ಕಮಲಾಪುರದಿಂದ ಹೊರಟು, ಸುತ್ತಿನ ಗುಡ್ಡ-ಹೊಲ ಬಳಸಿ ಅಲ್ಲಿಗೇ ಮರಳುವ ಸೈಕಲ್ ರೇಸ್ ಇಟ್ಟ. ನಾಗರ ಪಂಚಮಿಗೆ ಹಿಂದಿನ ಭಾನುವಾರ. ವಿವೇಕಾನಂದ ಹೆಸರು ಕೊಟ್ಟು, ಹುಮನಾಬಾದಿಗೆ ಫೋನು ಮಾಡಿದ. ಎಂಟನೆಯ ಇಯತ್ತೆಯ ಸೃಷ್ಟಿ ಈಗ ಅವನೊಂದಿಗೆ ಮಾತಾಡುವುದೇ ಅಪರೂಪ, ಮಾತಾಡಿದರೂ ಅಳೆದು ತೂಗಿ.

"ಪಂಚಮಿಗಿ ಕಲಬುರಗಿಗಿ ಬಾ ಅವ್ವಾ. ಜೋಕಾಲಿ ಕಟ್ಟಸ್ತೀನಿ, ಶೇಂಗಾ ಉಂಡಿ ತರ್ತೀನಿ" ಎಂದು ಅಕ್ಕರೆಯಿಂದ ಮಗಳನ್ನು ಕರೆದ.

"ನೀ ಭಾಳ ಸಲ ಭಾಳ ಹೇಳೀದಿ, ಅಪ್ಪಾ."

"ಈ ರೇಸ್‌ನ್ಯಾಗ ನೋಡು. ಕಮಲಾಪುರದಾಗ ನಿಂದ್ರು. ನಾ ಬಂದು ಮುಟ್ಟತೀನಿ."

"ಅಂಬಣ್ಣ ಮಾಮಾನ ಕರ್ಕೊಂಡು ಬರ್ತೀನಿ. ನೀ ಹೇಳಿದಂಗ ಬಂದ್ರ ಪಂಚಮಿಗಿ ಬರ್ತೀನಿ. ಇಲ್ಲಂದ್ರ ಇನ್ನ ಮ್ಯಾಲ ಕೇಳಬ್ಯಾಡ" ಎಂದಳು. ಅಂದಿನಿಂದ ವಿವೇಕಾನಂದನಿಗೆ ಗೆಲ್ಲುವ ಆಸೆ ಎಳ್ಳಷ್ಟೂ ಇರಲಿಲ್ಲ. ಕೊನೆಯವನಾಗಿಯಾದರೂ ಸರಿ, ಮಗಳ ಕಣ್ಣೆದುರು ಹೋಗಿ ಮುಟ್ಟಿದರೆ ಸಾಕಿತ್ತು.

ಭಾನುವಾರ ಬೆಳಗಿನಿಂದಲೇ ಮಳೆ ಹಿಡಿಯಿತು. ಎಂಥ ಮಳೆ ಅಂತೀರಿ! ಗಾಳಿ ಬೇರೆ, ಛತ್ರಿಗಳೆಲ್ಲ ಉಲ್ಟಾ. ರೇಸ್ ನಿಲ್ಲಿಸೋಣ ಎಂದು ಕೆಲವರು, ಇಷ್ಟು ದೂರ ಬಂದು ನಿಲ್ಲಿಸುವುದೇ ಎಂದು ಕೆಲವರು. ಕೊನೆಗೆ ಅಬ್ರಾರ್, "ಬಾವುಟ ನೆಟ್ಟ ದಾರಿ ಬಿಡಬ್ಯಾಡ್ರಿ, ನಡು ದಾರ್ಯಾಗ ನಮ್ಮ ಹುಡುಗರು ಕುಂತ ಠಾಣ್ಯಾದಾಗ ನಂಬರ್ ತೋರಿಸ್ರಿ, ಆಗೂದಿಲ್ಲ ಅಂದ್ರ ಹಿಂದ ಟೆಂಪೋ ಬರ್ತದ, ಹತ್ರಿ" ಎಂದು ಸೀಟಿ ಊದಿದ. ನೆನೆದೀತೆಂದು ವಿವೇಕಾನಂದ ಫೋನನ್ನು ಟೆಂಟಿನಲ್ಲಿ ಚೀಲದೊಳಗೆ ಬಿಟ್ಟ. ಸೃಷ್ಟಿ ಇನ್ನೂ ಬಂದಿರಲಿಲ್ಲ. ಬಸ್ಸು ತಡವಾಗಿರಬೇಕು ಅಂದುಕೊಂಡು ತುಳಿದ.

ಮೊದಲು ಕೆಂಪು ಗರಸುಮಣ್ಣಿನ ದಿಬ್ಬ. ಅಲ್ಲಿ ಹೇಗೋ ನಡೆಯಿತು, ಎರಡು ಸಲ ಬಿದ್ದು ಮೊಣಕಾಲು ಕೆತ್ತಿಕೊಂಡರೂ ನಡೆಯಿತು. ಹುಡುಗರು ಮುಂದೆ ಹೋಗಿಬಿಟ್ಟರು. ದಿಬ್ಬ ಇಳಿಯುವಷ್ಟರಲ್ಲಿ ಹಿಂದೆ ಮುಂದೆ ಒಂದು ನರಪಿಳ್ಳೆಯೂ ಕಾಣಲಿಲ್ಲ. ಮಳೆಯ ಸದ್ದು ಬಿಟ್ಟರೆ ಅವನ ಏದುಸಿರು ಅವನಿಗೇ ಕೇಳುತ್ತಿತ್ತು. ಇಷ್ಟು ದೊಡ್ಡ ಬಯಲಿನಲ್ಲಿ ತಾನೊಬ್ಬ ಬಿದ್ದು ಸತ್ತರೂ ಕೇಳುವವರಿಲ್ಲ ಅನ್ನಿಸಿ, ಅವನಿಗೆ ಒಮ್ಮೆಲೇ ಅಳು ಬಂತು. ಅತ್ತ ಕೂಡ. ಯಾರು ನೋಡುತ್ತಾರೆ?

ದಿಬ್ಬದ ಕೆಳಗೆ ಕಪ್ಪು ಎರೆ ಹೊಲಗಳ ನಡುವಿನ ಬಂಡಿದಾರಿ. ಎರೆಮಣ್ಣು ನೆನೆದರೆ ಏನಾಗುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾಲ್ಕು ಮಾರು ಹೋಗುವಷ್ಟರಲ್ಲಿ ಚಕ್ರಕ್ಕೆ ಮಣ್ಣು ಮೆತ್ತಿ, ಫೋರ್ಕಿಗೆ ಸಿಕ್ಕಿ, ಸೈಕಲ್ಲು ಕಲ್ಲಾಗಿ ನಿಂತಿತು. ಕಡ್ಡಿಯಿಂದ ಕೆರೆದ, ಮತ್ತೆ ಮೆತ್ತಿತು. ಮತ್ತೆ ಕೆರೆದ. ಬೂಟಿಗೂ ಅಷ್ಟೇ, ಕಾಲೆತ್ತಿದರೆ ಹೊಲವೇ ಎದ್ದು ಬರುತ್ತಿತ್ತು.

ವಿವೇಕಾನಂದ ಕೋಟನೂರಿನ ಒಕ್ಕಲುತನದ ಮನೆಯ ಮಗ. ಅಲ್ಲಿ ಮಗುವಿಗೆ ನಡಿಗೆ ಬರುವ ಮೊದಲೇ ಕಲಿಸುವ ಸಂಗತಿ ಒಂದಿದೆ: ಮಳೆಯಲ್ಲಿ ಬಂಡಿದಾರಿ ತುಳಿಯಬೇಡ, ಒಡ್ಡು ಹಿಡಿ. ಹೊಲದಂಚಿನ ಎತ್ತರದ ಒಡ್ಡಿನ ಮೇಲೆ ಕರಿಕೆ ಹುಲ್ಲು ಬೆಳೆದಿರುತ್ತದೆ, ಕಾಲಿಗೆ ಮಣ್ಣು ಹತ್ತುವುದಿಲ್ಲ. ಅವನ ತಂದೆ ದೌಲಪ್ಪ ಹೋದ ಹಾಗೆ, ತಾತ ಹೋದ ಹಾಗೆ, ಅವನು ಸೈಕಲ್ಲು ಹೆಗಲಿಗೇರಿಸಿ ಎಡಕ್ಕೆ, ಡಾಂಬರು ರಸ್ತೆಯ ಕಡೆಗೆ ತಿರುಗಿ ಒಡ್ಡು ಹತ್ತಿದ. ಬಾವುಟ, ಠಾಣ್ಯ, ನಂಬರು ಒಂದೂ ಅವನ ತಲೆಯಲ್ಲಿರಲಿಲ್ಲ. ಕಮಲಾಪುರದ ದಿಕ್ಕು ಗೊತ್ತಿತ್ತು, ಮುಟ್ಟಬೇಕೆಂಬುದು ಗೊತ್ತಿತ್ತು.

ಒಡ್ಡಿನಿಂದ ಒಡ್ಡಿಗೆ ಬಳಸಿ ಬಳಸಿ ನಡೆದ. ತೊಗರಿ ಸಸಿಗಳ ಮೇಲೆ ಕಾಲಿಡಲಿಲ್ಲ. ಹೆಗಲು ಉರಿಯುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ದೂರದ ಬಂಡಿದಾರಿಯಲ್ಲಿ ಟ್ರ್ಯಾಕ್ಟರೊಂದು ಟೆಂಪೋವನ್ನು ಎಳೆದುಕೊಂಡು ಹೋಗುವುದು ಕಂಡಿತು. ಒಳಗೆ ಹತ್ತು-ಹನ್ನೆರಡು ಮಂದಿ, ಸೈಕಲ್ಲುಗಳ ರಾಶಿ. ಕೂಗಿದ್ದರೆ ಕೇಳುತ್ತಿತ್ತೇನೋ. ಅವನು ಬಾಯಿ ಬಿಗಿಹಿಡಿದ. ಟೆಂಪೋದಲ್ಲಿ ಕೂತು ಹೋಗಿ ಮಗಳ ಮುಂದೆ ಇಳಿಯಲೇ? ಛೀ! ಇವತ್ತೊಂದು ದಿನ ಅವನು ಅರ್ಧಕ್ಕೆ ಬಿಡುವವನಾಗಿರಲಿಲ್ಲ.

ಕೊನೆಗೆ ಕೆಂಪು ಬಾಳೆಯ ತೋಟವೊಂದರ ಬದಿಯಲ್ಲಿ ನೆಲ ಗಟ್ಟಿಯಾಯಿತು, ಬಾವುಟಗಳೂ ಮತ್ತೆ ಸಿಕ್ಕವು. ನೀರು ಹರಿಯುತ್ತಿದ್ದ ಕಾಲುವೆಯಲ್ಲಿ ಚಕ್ರ ತೊಳೆದು, ಹತ್ತಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದು ಕಮಲಾಪುರ ಮುಟ್ಟಿದ.

ಟೆಂಟು ಬಿಚ್ಚುತ್ತಿದ್ದರು. ಮುಕ್ತಾಯದ ಕಮಾನು ಮಡಚಿ ಲಾರಿಗೆ ಹಾಕಿಯಾಗಿತ್ತು. ಜನರೇ ಇಲ್ಲ. ಹಗ್ಗ ಸುತ್ತುತ್ತಿದ್ದ ಅಬ್ರಾರ್ ಅವನನ್ನು ನೋಡಿ ಬಾಯಿ ತೆರೆದ.

"ಅರೆ ಭಾಯ್! ನೀವು ಮನೀಗಿ ಹೋಗಿಲ್ಲೇನ್ರಿ? ಠಾಣ್ಯಾಕ ನೀವು ಬಂದೇ ಇಲ್ಲ. ನೀವು ಸೈಕಲ್ ಹೊತ್ಕೊಂಡು ಡಾಂಬರ್ ರೋಡಿನ ಕಡಿ ಹೊಂಟಿದ್ದು ನಮ್ಮ ಹುಡ್ಗ ದೂರದಿಂದ ನೋಡ್ಯಾನ. ಬಿಟ್ಟು ಹೋದ್ರು ಅಂತ ತಿಳ್ಕೊಂಡೀವಿ."

"ನನ್ ಮಗಳು?"

ಅಬ್ರಾರನ ಮುಖ ಇಳಿಯಿತು. "ಬಂದಿತ್ರಿ. ಮಳ್ಯಾಗ ಭಾಳ ಹೊತ್ತು ನಿಂತಿತ್ತು, ಪಾಪ. ಟೆಂಪೋ ಬಂದಾಗ ಓಡಿ ಹೋಗಿ ಒಳಗ ಒಬ್ಬೊಬ್ಬರ ಮುಖ ನೋಡ್ತು. ನನಗ ಕೇಳ್ತು, ನಾ ಅರ್ಧಕ್ಕ ಬಿಟ್ಟು ಹೋಗ್ಯಾರವ್ವ ಅಂದೆ. ತಪ್ಪಾಯ್ತು ಭಾಯ್. ಅವ್ರ ಮಾಮಾ ಬಸ್ ಹತ್ತಿಸ್ಕೊಂಡು ಹೋದ್ರು."

ವಿವೇಕಾನಂದ ಟೆಂಟಿನ ಸಾಮಾನಿನಡಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ತನ್ನ ಚೀಲ ಬಿಚ್ಚಿ, ಫೋನು ತೆಗೆದು ಅಂಬಣ್ಣನಿಗೆ ಹಚ್ಚಿದ. ಅಂಬಣ್ಣನದು ಬಟನ್ ಫೋನು, ವಿಡಿಯೋದಲ್ಲಿ ಮುಖ ತೋರಿಸುವಂತಿರಲಿಲ್ಲ. ಅವನೆತ್ತಿ ಸೃಷ್ಟಿಗೆ ಕೊಟ್ಟ.

"ಅವ್ವಾ, ನಾ ಬಂದೀನಿ. ಪೂರಾ ಮುಗಿಸೀನಿ. ಕಮಲಾಪುರದಾಗೇ ಅದೀನಿ."

ಬಸ್ಸಿನ ಗಡಗಡ ಕೇಳಿಸಿತು. ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಸುಳ್ಳ್ಯಾಕ ಹೇಳ್ತಿ ಅಪ್ಪಾ? ರೇಸಿನವ್ರೇ ಹೇಳ್ಯಾರ ನಂಗ."

"ಅಬ್ರಾರ್ ಇಲ್ಲೇ ಅದಾನ, ಕೊಡ್ತೀನಿ ತಡಿ, ಅವನ್ನೇ ಕೇಳು..."

"ಬ್ಯಾಡ. ಯಾರ ಕಡಿಂದೂ ಹೇಳಸಬ್ಯಾಡ." ಈಗ ಅವಳು ಅಳುತ್ತಿದ್ದಳು. "ಅವ್ವಗ ಹಂಗೇ ಹೇಳಸ್ತಿದ್ದಿ. ಮಳಿ ಭಾಳಿತ್ತು, ಆಗಲಿಲ್ಲ, ಹೊಳ್ಳಿ ಹೋದೆ ಅನ್ನು. ನಂಗೇನೂ ಸಿಟ್ಟಿಲ್ಲ. ಒಂದೇ ಒಂದು ಸಲ ನನ್ ಮುಂದ ಖರೇ ಮಾತಾಡು ಅಪ್ಪಾ, ನಂಗ ಅಷ್ಟ ಸಾಕು."

ಅಬ್ರಾರ್ ಕೈ ಚಾಚಿ, ಕೊಡ್ರಿ ಇಲ್ಲಿ ಎಂದು ಸನ್ನೆ ಮಾಡುತ್ತಿದ್ದ. ವಿವೇಕಾನಂದ ಫೋನನ್ನು ಕಿವಿಗೆ ಒತ್ತಿಕೊಂಡು ಅವನಿಗೆ ಬೆನ್ನು ತಿರುಗಿಸಿದ.

"ಹೌದವ್ವಾ," ಎಂದ. "ಮಳಿ ಭಾಳಿತ್ತು. ನನ್ ಕೈಲಿಂದ ಆಗಲಿಲ್ಲ. ಹೊಳ್ಳಿ ಮನೀಗಿ ಬಂದೀನಿ."

ಆ ಕಡೆ ಮೂಗು ಸೊರ್ ಎಂದು ಎಳೆದುಕೊಂಡ ಸದ್ದು. ಆಮೇಲೆ ಎಷ್ಟೋ ವರ್ಷಗಳಿಂದ ಅವನು ಕೇಳಿರದ ಮೆತ್ತನೆಯ ದನಿ. "ನೋಡು, ಖರೇ ಹೇಳಿದ್ರ ಎಷ್ಟ ಚೊಲೋ ಆಯ್ತು. ತಲಿ ಒರಸ್ಕೋ, ನೆಗಡಿ ಆಗ್ತದ. ನಾ ಪಂಚಮಿಗಿ ಬರ್ತೀನಿ."

"ಬಾ ಅವ್ವಾ," ಎಂದು ಅವನು ಕಮಲಾಪುರದ ಮಳೆಯಲ್ಲಿ ನಿಂತುಕೊಂಡು ಹೇಳಿದ.